ಎನ್‌ಬಿಎ ಮೆಟ್ಟಿಲು ಹತ್ತದ ದಿಗ್ಗಜರ ಆಟ: ಯೂಟ್ಯೂಬ್‌ನ ಹಳೆಯ ಪಂದ್ಯಗಳ ಭಂಡಾರ ಹೇಗಿದೆ?

ಆಸ್ಕರ್ ಶ್ಮಿಟ್, ನಿಕೋಸ್ ಗಾಲಿಸ್, ಸೆರ್ಗೆಯ್ ಬೆಲೋವ್, ದೆಯಾನ್ ಬೊದಿರೋಗಾ, ಥಿಯೊದೊರೋಸ್ ಪಾಪಾಲೂಕಾಸ್, ದಿಮಿತ್ರಿಸ್ ದಿಯಾಮಾಂತಿದಿಸ್. ಬ್ಯಾಸ್ಕೆಟ್‌ಬಾಲ್‌ನ ಈ ಆರು ದಿಗ್ಗಜರಲ್ಲಿ ಯಾರೂ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯಲ್ಲಿ ಒಂದು ನಿಮಿಷ ಕೂಡ ಆಡಿದವರಲ್ಲ. ಅವರ ಆಟ ಇವತ್ತು ಕೈಗೆ ಸಿಗುವುದು ಮುಖ್ಯವಾಗಿ ಯೂಟ್ಯೂಬ್‌ನಲ್ಲಿ, ಅದೂ ಮೂರು ಕಡೆ: ಅಂತರರಾಷ್ಟ್ರೀಯ ಒಕ್ಕೂಟವಾದ ಫೀಬಾದ ಅಧಿಕೃತ ಚಾನೆಲ್, ಯೂರೋಪಿನ ಕ್ಲಬ್ಬುಗಳ ಟೂರ್ನಿಯಾದ ಯೂರೋಲೀಗ್‌ನ ಚಾನೆಲ್, ಮತ್ತು ಆಯಾ ದೇಶದ ಅಭಿಮಾನಿಗಳು ಮನೆಯ ವಿಎಚ್‌ಎಸ್ ಟೇಪಿನಿಂದ ಎತ್ತಿ ಹಾಕಿದ ಪ್ರತಿಗಳು. ಮೂರಕ್ಕೂ ಕಾಸು ಕೊಡಬೇಕಿಲ್ಲ. ನಮ್ಮ ಕ್ಲಬ್ಬುಗಳಲ್ಲಿ ಆಡುವವರಿಗೆ, ಮಕ್ಕಳಿಗೆ ಆಟ ಕಲಿಸುವ ಕೋಚ್‌ಗಳಿಗೆ ಎನ್‌ಬಿಎ ತುಣುಕುಗಳಿಗಿಂತ ಇದು ಹೆಚ್ಚು ಉಪಯೋಗಕ್ಕೆ ಬರುವ ಸರಕು. ಆದರೆ ಹುಡುಕುವ ಕ್ರಮ ಗೊತ್ತಿಲ್ಲದಿದ್ದರೆ ಸಿಗುವುದು ಹಾಡು ಹಚ್ಚಿ ಕತ್ತರಿಸಿದ ಐದು ನಿಮಿಷದ ಜೋಡಣೆಗಳು ಮಾತ್ರ. ಅದನ್ನು ನೋಡಿ "ಇಷ್ಟೇನಾ" ಅಂದುಕೊಂಡು ಎದ್ದು ಹೋಗುವವರೇ ಹೆಚ್ಚು.

ಹೆಚ್ಚು ಉಪಯೋಗ ಅನ್ನುವುದಕ್ಕೆ ಕಾರಣ ನಿಯಮ. ಭಾರತದಲ್ಲಿ ಒಕ್ಕೂಟದ ಪಂದ್ಯಗಳೆಲ್ಲ ಫೀಬಾ ನಿಯಮದ ಮೇಲೆ ನಡೆಯುತ್ತವೆ: ತಲಾ 10 ನಿಮಿಷದ ನಾಲ್ಕು ಕ್ವಾರ್ಟರ್, 6.75 ಮೀಟರ್‌ನ ಮೂರು ಪಾಯಿಂಟ್ ಗೆರೆ, ರಿಂಗಿಗೆ ತಾಗಿದ ಚೆಂಡನ್ನು ಯಾರು ಬೇಕಾದರೂ ಹೊಡೆದು ಹಾಕುವ ಅವಕಾಶ. ಎನ್‌ಬಿಎಯಲ್ಲಿ ಕ್ವಾರ್ಟರ್ 12 ನಿಮಿಷ, ಗೆರೆ ನೆತ್ತಿಯಲ್ಲಿ 7.24 ಮೀಟರ್, ಅಂಗಳದಲ್ಲಿ ಖಾಲಿ ಜಾಗವೂ ಹೆಚ್ಚು. ಇನ್ನೊಂದು ಕಾರಣ ಮೈಕಟ್ಟು. ಗಾಲಿಸ್ ಎತ್ತರ 1.83 ಮೀಟರ್. ಬೊದಿರೋಗಾ 2.05 ಮೀಟರ್ ಇದ್ದರೂ ಓಟದಲ್ಲಾಗಲಿ ಜಿಗಿತದಲ್ಲಾಗಲಿ ಯಾರನ್ನೂ ಬೆರಗುಗೊಳಿಸಿದವನಲ್ಲ. ಇವರ ಅಂಕಗಳು ಬಂದದ್ದು ಕಾಲಿನ ಲೆಕ್ಕದಿಂದ, ಕೋನದಿಂದ, ಎದುರಾಳಿಯ ಭಾರ ಯಾವ ಪಾದದ ಮೇಲಿದೆ ಎಂಬ ಓದಿನಿಂದ. ಇದನ್ನು ಹದಿನಾಲ್ಕು ವರ್ಷದ ಹುಡುಗಿಯೂ ಕಲಿಯಬಹುದು.

ನೋಡಲು ಕೂರುವ ಮುಂಚೆ ಯಾವ ಕಾಲದ ಪಂದ್ಯ ಎಂಬುದನ್ನು ಗಮನದಲ್ಲಿಡಬೇಕು. 1984ಕ್ಕೂ ಮುಂಚೆ ಫೀಬಾ ಆಟದಲ್ಲಿ ಮೂರು ಪಾಯಿಂಟ್ ಗೆರೆಯೇ ಇರಲಿಲ್ಲ. ಆಮೇಲೆ ಬಂದದ್ದು 6.25 ಮೀಟರ್‌ನ ಗೆರೆ. 2010ರಲ್ಲಿ ಅದು 6.75ಕ್ಕೆ ಸರಿಯಿತು. ರಿಂಗಿನ ಕೆಳಗಿನ ಕೀ ಭಾಗ ಆ ವರ್ಷದವರೆಗೆ ಕೆಳಗೆ ಅಗಲವಾಗುತ್ತ ಬರುವ ಆಕಾರದಲ್ಲಿತ್ತು, ಈಗಿನಂತೆ ಆಯತವಲ್ಲ. ಹಾಗಾಗಿ ಹಳೆಯ ಸೆಂಟರ್‌ಗಳು (ರಿಂಗಿನ ಬಳಿ ಆಡುವ ಎತ್ತರದವರು) ರಿಂಗಿನಿಂದ ದೂರ ನಿಂತು ಚೆಂಡು ಪಡೆಯುತ್ತಿದ್ದರು. ಶಾಟ್ ಕ್ಲಾಕ್, ಅಂದರೆ ಶೂಟ್ ಮಾಡಲು ತಂಡಕ್ಕೆ ಸಿಗುವ ಸಮಯ, 2000ದವರೆಗೆ 30 ಸೆಕೆಂಡ್ (ಈಗ 24), ಪಂದ್ಯ 20 ನಿಮಿಷದ ಎರಡು ಅರ್ಧ. ಇದು ತಿಳಿಯದೆ 1987ರ ಪಂದ್ಯ ನೋಡಿದರೆ ಪಾಸ್ ಮೇಲೆ ಪಾಸ್ ಮಾಡಿ ಸಮಯ ಹಾಳು ಮಾಡುತ್ತಿದ್ದಾರೆ ಅನ್ನಿಸುತ್ತದೆ. ಅವರಿಗೆ ಇನ್ನೂ ಆರು ಸೆಕೆಂಡ್ ಹೆಚ್ಚಿತ್ತು, ಅದನ್ನು ಬಳಸಿಕೊಂಡರು.

ಇನ್ನು ಹುಡುಕಾಟ. ಆಟಗಾರನ ಹೆಸರನ್ನು ಇಂಗ್ಲಿಷ್‌ನಲ್ಲಿ ಮಾತ್ರ ಹಾಕಿದರೆ ಜೋಡಣೆಗಳೇ ಮೇಲೆ ಬರುತ್ತವೆ. ವಿಕಿಪೀಡಿಯದಲ್ಲಿ ಅವನ ಪುಟ ತೆರೆದು, ಭಾಷೆಗಳ ಪಟ್ಟಿಯಲ್ಲಿ ಗ್ರೀಕ್, ರಷ್ಯನ್ ಅಥವಾ ಸರ್ಬಿಯನ್ ಆರಿಸಿ, ಆ ಪುಟದ ತಲೆಬರಹವನ್ನು ನಕಲು ಮಾಡಿ ಯೂಟ್ಯೂಬ್‌ನಲ್ಲಿ ಅಂಟಿಸಿ. ಪಕ್ಕದಲ್ಲಿ ವರ್ಷವನ್ನೂ ಎದುರಾಳಿ ದೇಶದ ಹೆಸರನ್ನೂ ಸೇರಿಸಿ. ಫಿಲ್ಟರ್‌ನಲ್ಲಿ ದೀರ್ಘ ವಿಡಿಯೊಗಳನ್ನು ಮಾತ್ರ ಉಳಿಸಿಕೊಳ್ಳಿ. ಅಧಿಕೃತ ಚಾನೆಲ್‌ಗಳಲ್ಲಾದರೆ ಚಾನೆಲ್ ಪುಟದ ಒಳಗಿರುವ ಭೂತಗನ್ನಡಿಯ ಚಿಹ್ನೆ ಒತ್ತಿ ಹುಡುಕಬೇಕು; ಫೀಬಾ ತನ್ನ ಹಳೆಯ ಪೂರ್ಣ ಪಂದ್ಯಗಳಿಗೆ 'ಕ್ಲಾಸಿಕ್' ಎಂಬ ಹಣೆಪಟ್ಟಿ ಹಚ್ಚುವುದರಿಂದ ಆ ಪದವನ್ನೂ ಸೇರಿಸಿದರೆ ಬೇಗ ಸಿಗುತ್ತದೆ.

ಅಭಿಮಾನಿಗಳ ಪ್ರತಿಗಳ ತಲೆಬರಹವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಗುಂಪು ಹಂತದ ಪಂದ್ಯಕ್ಕೆ 'ಫೈನಲ್' ಎಂದು ಬರೆದಿರುವುದು, ವರ್ಷ ಅದಲುಬದಲಾಗಿರುವುದು ಸಾಮಾನ್ಯ. ಫೀಬಾ ಜಾಲತಾಣದಲ್ಲಿ ಹಳೆಯ ಟೂರ್ನಿಗಳ ಫಲಿತಾಂಶ ಸಿಗುತ್ತದೆ; ಯೂರೋಲೀಗ್ ಜಾಲತಾಣದಲ್ಲಿ 2000-01ರ ಸೀಸನ್‌ನಿಂದ ಆಟಗಾರರ ಪೂರ್ತಿ ಅಂಕಿಅಂಶವಿದೆ. ವಿಡಿಯೊದ ಕೊನೆಯ ಅಂಕ ಅಲ್ಲಿಯ ಅಂಕಕ್ಕೆ ತಾಳೆಯಾಗುತ್ತದೆಯೇ ಎಂದು ಮೊದಲು ನೋಡಿ, ಆಮೇಲೆ ಎರಡು ಗಂಟೆ ಖರ್ಚು ಮಾಡಿ. ಕೊನೆಯ ಅಂಕ ಮೊದಲೇ ತಿಳಿದರೆ ರಸ ಹೋಗುತ್ತದೆ ಅನ್ನುವವರು ಈ ಕೆಲಸವನ್ನು ಬೇರೆಯವರಿಂದ ಮಾಡಿಸಿಕೊಳ್ಳಲಿ.

ಚಿತ್ರದ ಗುಣಮಟ್ಟದ ಬಗ್ಗೆ ನೇರವಾಗಿ ಹೇಳಬೇಕು: 1990ಕ್ಕಿಂತ ಹಿಂದಿನ ಟೇಪ್ ಪ್ರತಿಗಳು ಕಣ್ಣಿಗೆ ಕಷ್ಟ. ಯೂರೋಪಿನ ಪ್ರಸಾರ ಸೆಕೆಂಡಿಗೆ 25 ಫ್ರೇಮ್, ಪ್ರತಿ ಫ್ರೇಮ್ ಎರಡು ಅರೆಚಿತ್ರಗಳ ಹೆಣಿಗೆ. ಅದನ್ನು ಸರಿಯಾಗಿ ಬಿಡಿಸದೆ ಅಪ್‌ಲೋಡ್ ಮಾಡಿದರೆ ಓಡುವ ಆಟಗಾರನ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆಗಳು ಏಳುತ್ತವೆ. 4:3 ಅಳತೆಯ ಚಿತ್ರವನ್ನು 16:9ಕ್ಕೆ ಎಳೆದಿದ್ದರೆ ಎಲ್ಲರೂ ಕುಳ್ಳಗೆ ದಪ್ಪಗೆ ಕಾಣುತ್ತಾರೆ. ಶೂಟ್ ಮಾಡಿದ ಚೆಂಡಿನ ಕಮಾನು ಎಷ್ಟು ಎತ್ತರ ಎಂಬ ಅಂದಾಜೂ ಕೆಡುತ್ತದೆ. ಹಾಗೆ ಎಳೆದ ಪ್ರತಿ ಸಿಕ್ಕರೆ ಬಿಟ್ಟು ಬೇರೆಯದನ್ನು ಹುಡುಕಿ, ಎರಡೂ ಬದಿ ಕಪ್ಪು ಪಟ್ಟಿ ಇರುವುದೇ ಒಳ್ಳೆಯ ಪ್ರತಿ. ಟೇಪಿನ ಪಂದ್ಯಕ್ಕೆ 480ಪಿ ಸಾಕು. ಅದನ್ನೇ 1080ಪಿ ಎಂದು ಹಿಗ್ಗಿಸಿ ಹಾಕಿದ್ದರೆ ಡೇಟಾ ಹೋಗುತ್ತದೆಯೇ ಹೊರತು ಟೇಪಿನಲ್ಲಿ ಇಲ್ಲದ ವಿವರ ಹುಟ್ಟಿ ಬರುವುದಿಲ್ಲ. ವೇಗದ ಪಾಸ್‌ನಲ್ಲಿ ಚೆಂಡು ಮರದ ನೆಲದ ಬಣ್ಣದಲ್ಲಿ ಕರಗಿಹೋದಾಗ ಆಟಗಾರರ ತಲೆ ಯಾವ ಕಡೆ ತಿರುಗಿತು ಎಂಬುದನ್ನು ನೋಡಿ ಚೆಂಡನ್ನು ಹಿಡಿಯಬೇಕು.

ಜೆರ್ಸಿ ಸಂಖ್ಯೆಯೂ ಸಹಾಯಕ್ಕೆ ಬರುತ್ತದೆ. ಆ ಕಾಲದ ರಾಷ್ಟ್ರೀಯ ತಂಡಗಳಲ್ಲಿ 4ರಿಂದ 15ರವರೆಗಿನ ಸಂಖ್ಯೆಗಳು ಮಾತ್ರ. ಆಸ್ಕರ್ 14, ಗಾಲಿಸ್ 6, ಸೆರ್ಗೆಯ್ ಬೆಲೋವ್ 10, ಪಾಪಾಲೂಕಾಸ್ 4.

ಎಲ್ಲಿಂದ ಶುರು ಮಾಡಬೇಕು ಅಂದರೆ ಆಸ್ಕರ್‌ನಿಂದ. 1987ರ ಪ್ಯಾನ್ ಅಮೆರಿಕನ್ ಕ್ರೀಡಾಕೂಟದ ಫೈನಲ್, ಇಂಡಿಯಾನಪೊಲಿಸ್, ಬ್ರೆಜಿಲ್ 120 – ಅಮೆರಿಕ 115. ಡೇವಿಡ್ ರಾಬಿನ್ಸನ್, ಡ್ಯಾನಿ ಮ್ಯಾನಿಂಗ್ ಇದ್ದ ಅಮೆರಿಕದ ಕಾಲೇಜು ಹುಡುಗರು ಅರ್ಧಕ್ಕೆ 68–54ರಿಂದ ಮುಂದಿದ್ದರು. ಆಸ್ಕರ್ 46 ಅಂಕ ಗಳಿಸಿದ, ಅದರಲ್ಲಿ 35 ಎರಡನೇ ಅರ್ಧದಲ್ಲಿ. ಇದರ ತುಣುಕು ನೋಡಿದರೆ ಗೋಲಿನ ಮೇಲೆ ಗೋಲು ಬಿದ್ದದ್ದಷ್ಟೇ ಕಾಣುತ್ತದೆ. ಪೂರ್ತಿ ನೋಡಿದರೆ ಕಾಣುವುದು ಚೆಂಡು ಬರುವ ಮುಂಚಿನ ಎರಡು ಸೆಕೆಂಡ್: ಮೊಣಕಾಲು ಆಗಲೇ ಬಗ್ಗಿದೆ, ಎದೆ ರಿಂಗಿಗೆ ತಿರುಗಿದೆ, ಕೈ ಸೇರಿದ ಚೆಂಡು ನೆಲ ಮುಟ್ಟುವುದೇ ಅಪರೂಪ. 2.05 ಮೀಟರ್ ಎತ್ತರದವನು ತಲೆಯ ಮೇಲಿಂದ ಬಿಡುವ ಶಾಟ್‌ಗೆ ಅಡ್ಡ ಕೈ ತಲುಪುವಷ್ಟರಲ್ಲಿ ಚೆಂಡು ಹೋಗಿರುತ್ತದೆ. ಗೆರೆಯ ಹೊರಗೆ ಅಷ್ಟು ದೂರಕ್ಕೆ ಬಂದು ಕಾಯುವ ರೂಢಿ ಎದುರಾಳಿಗಳಿಗೆ ಇರಲಿಲ್ಲ. ಅಮೆರಿಕದ ಕಾಲೇಜು ಆಟದಲ್ಲಿ ಮೂರು ಪಾಯಿಂಟ್ ಗೆರೆ ಎಲ್ಲೆಡೆ ಜಾರಿಯಾಗಿ ಆಗಿನ್ನೂ ಒಂದೇ ಸೀಸನ್ ಕಳೆದಿತ್ತು. ಜೊತೆಗಾರ ಮಾರ್ಸೆಲ್ ಸೋಜಾನ ಮೇಲೂ ಕಣ್ಣಿಡಿ, ಅವನು 31 ಅಂಕ ಗಳಿಸಿದ. ಇಬ್ಬರೂ ಎದುರುಬದುರು ಬದಿಗಳಲ್ಲಿ ನಿಂತರೆ ಡಿಫೆನ್ಸ್ ಹೇಗೆ ಹರಿದುಹೋಗುತ್ತದೆ ಎಂಬುದೇ ಈ ಪಂದ್ಯದ ಪಾಠ.

ಈ ಆಸ್ಕರ್‌ನನ್ನು 1984ರಲ್ಲಿ ಎನ್‌ಬಿಎ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ನ್ಯೂಜೆರ್ಸಿ ನೆಟ್ಸ್ ತಂಡ ಆರನೇ ಸುತ್ತಿನಲ್ಲಿ, 131ನೆಯವನಾಗಿ ಆರಿಸಿತ್ತು. ಎನ್‌ಬಿಎಗೆ ಹೋದವನು ಆಗಿನ ಫೀಬಾ ನಿಯಮದಂತೆ ದೇಶದ ಪರ ಆಡುವಂತಿರಲಿಲ್ಲ. ಅವನು ಬ್ರೆಜಿಲ್ ಜೆರ್ಸಿಯನ್ನೇ ಆರಿಸಿಕೊಂಡ. 1989ರ ಏಪ್ರಿಲ್‌ನಲ್ಲಿ ಮ್ಯೂನಿಕ್‌ನಲ್ಲಿ ಫೀಬಾ ಸದಸ್ಯ ದೇಶಗಳು 56–13 ಮತಗಳಿಂದ ಆ ನಿಷೇಧ ತೆಗೆದುಹಾಕುವ ಹೊತ್ತಿಗೆ ಅವನಿಗೆ 31 ವರ್ಷ. ಐದು ಒಲಿಂಪಿಕ್ಸ್‌ಗಳಲ್ಲಿ ಒಟ್ಟು 1093 ಅಂಕ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಸ್ಪೇನ್ ವಿರುದ್ಧ ಒಂದೇ ಪಂದ್ಯದಲ್ಲಿ 55. ಅವನ ಮೊದಲ ಒಲಿಂಪಿಕ್ಸ್ 1980ರ ಮಾಸ್ಕೋ. ಭಾರತದ ಪುರುಷರ ತಂಡ ಒಲಿಂಪಿಕ್ಸ್ ಆಡಿದ್ದು ಆ ಒಂದೇ ಸಲ, ನಮ್ಮ ಗುಂಪಿನಲ್ಲಿದ್ದದ್ದು ಸೋವಿಯತ್ ಒಕ್ಕೂಟ, ಬ್ರೆಜಿಲ್ ಮತ್ತು ಜೆಕೊಸ್ಲೊವಾಕಿಯಾ. ಅಂದರೆ ಬೆಲೋವ್ ಮತ್ತು ಆಸ್ಕರ್ ಇಬ್ಬರ ತಂಡಗಳೂ ನಮ್ಮವರಿಗೆ ಎದುರಾಗಿದ್ದವು. ಆ ಪಂದ್ಯಗಳ ಪೂರ್ಣ ಚಿತ್ರೀಕರಣ ಎಲ್ಲಾದರೂ ಒಂದು ಕಡೆ ಸಾರ್ವಜನಿಕವಾಗಿ ನೋಡಲು ಸಿಗುವಂತಾಗಬೇಕು. ಭಾರತದ ಬ್ಯಾಸ್ಕೆಟ್‌ಬಾಲ್‌ಗೆ ಅದಕ್ಕಿಂತ ಅಮೂಲ್ಯ ದಾಖಲೆ ಇನ್ನೊಂದಿಲ್ಲ.

ಗಾಲಿಸ್‌ಗೆ ಒಂದೇ ಪಂದ್ಯ ಸಾಕು. 1987ರ ಜೂನ್ 14, ಅಥೆನ್ಸ್ ಪಕ್ಕದ ಪಿರೇಯಸ್, ಯೂರೋಪಿನ ದೇಶಗಳ ಟೂರ್ನಿಯಾದ ಯೂರೋಬ್ಯಾಸ್ಕೆಟ್ ಫೈನಲ್, ಗ್ರೀಸ್ 103 – ಸೋವಿಯತ್ ಒಕ್ಕೂಟ 101, ಹೆಚ್ಚುವರಿ ಸಮಯದಲ್ಲಿ. ಗಾಲಿಸ್ 40 ಅಂಕ. ನ್ಯೂಜೆರ್ಸಿಯಲ್ಲಿ ಹುಟ್ಟಿ ಬೆಳೆದ ಇವನನ್ನು 1979ರಲ್ಲಿ ಬೋಸ್ಟನ್ ಸೆಲ್ಟಿಕ್ಸ್ ನಾಲ್ಕನೇ ಸುತ್ತಿನಲ್ಲಿ ಆರಿಸಿತ್ತು. ಕಣಕಾಲಿನ ಗಾಯದಿಂದ ಜಾಗ ತಪ್ಪಿತು, ಥೆಸಲೊನೀಕಿಯ ಆರಿಸ್ ಕ್ಲಬ್ ಸೇರಿದ, ಒಂದು ದೇಶಕ್ಕೇ ಈ ಆಟದ ಹುಚ್ಚು ಹಿಡಿಸಿದ. ನೋಡುವಾಗ ಅವನ ಎಡಗಾಲನ್ನು ಹಿಂಬಾಲಿಸಿ. ಡ್ರೈವ್‌ನಲ್ಲಿ ಕೊನೆಯ ಹೆಜ್ಜೆಯನ್ನು ಎದುರಾಳಿಯ ಎರಡು ಪಾದಗಳ ನಡುವೆ ಇಟ್ಟು, ಭುಜವನ್ನು ಎದೆಗೆ ತಾಗಿಸಿ, ಆಮೇಲೆ ಮೇಲೇಳುತ್ತಾನೆ. ತಾನಾಗಿ ಡಿಕ್ಕಿ ಆರಿಸಿಕೊಂಡದ್ದರಿಂದ ಗಾಳಿಯಲ್ಲಿ ಅವನ ಸಮತೋಲ ತಪ್ಪುವುದಿಲ್ಲ, ತಪ್ಪುವುದು ಎದುರಾಳಿಯದು. ಕುಳ್ಳಗಿರುವ ಗಾರ್ಡ್‌ಗಳು ದೊಡ್ಡವರಿಂದ ದೂರ ಸರಿದು ಶೂಟ್ ಮಾಡಲು ನೋಡುತ್ತಾರೆ, ಇವನು ಹತ್ತಿರ ಹೋಗಿ ಮಾಡಿದ. ಕೊನೆಯ ನಾಲ್ಕು ಸೆಕೆಂಡ್ ಉಳಿದಿರುವಾಗ ಗೆಲುವಿನ ಎರಡು ಫ್ರೀ ಥ್ರೋ ಹಾಕಿದ್ದು ಮಾತ್ರ ಆರ್ಗಿರಿಸ್ ಕಾಂಬೂರಿಸ್. ಗ್ರೀಕ್ ವೀಕ್ಷಕ ವಿವರಣೆ ಇರುವ ಪ್ರತಿಯನ್ನೇ ಆರಿಸಿ, ಭಾಷೆ ತಿಳಿಯದಿದ್ದರೂ ಗಾಲಿಸ್, ಅವನ ಜೊತೆಗಾರ ಯಾನಾಕಿಸ್ ಎಂಬ ಹೆಸರುಗಳು ಕಿವಿಗೆ ಬೀಳುತ್ತವೆ, ಜನರ ಆರ್ಭಟವೂ ಹಾಗೇ ಉಳಿದಿರುತ್ತದೆ.

1972ರ ಮ್ಯೂನಿಕ್ ಒಲಿಂಪಿಕ್ಸ್ ಫೈನಲ್, ಸೋವಿಯತ್ 51 – ಅಮೆರಿಕ 50, ಹುಡುಕಿದರೆ ಎಲ್ಲೆಲ್ಲೂ ಕೊನೆಯ ಮೂರು ಸೆಕೆಂಡೇ ಸಿಗುತ್ತದೆ: ಇವಾನ್ ಎದೆಶ್ಕೊ ಕೋರ್ಟಿನ ಆ ತುದಿಯಿಂದ ಎಸೆದ ಪಾಸ್, ಅಲೆಕ್ಸಾಂಡರ್ ಬೆಲೋವ್ ಹಾಕಿದ ಗೋಲು. ಸೆರ್ಗೆಯ್ ಬೆಲೋವ್ ಬೇರೆ ಮನುಷ್ಯ, ಅವರಿಬ್ಬರು ಸಂಬಂಧಿಕರೂ ಅಲ್ಲ. ತಂಡದ 51ರಲ್ಲಿ 20 ಅಂಕ ಸೆರ್ಗೆಯ್‌ದು, ಅದು ಕಾಣುವುದು ಪೂರ್ತಿ ಪಂದ್ಯದಲ್ಲಿ ಮಾತ್ರ. ಒಂದೆರಡು ಡ್ರಿಬಲ್, ತಟ್ಟನೆ ನಿಲುಗಡೆ, ನೇರ ಮೇಲಕ್ಕೆ ಎದ್ದು ಶಾಟ್. ಅಂಕ ಕಡಿಮೆ, ಆಟ ನಿಧಾನ, ಚಿತ್ರ ಮಸುಕು; ಹೊಸಬರಿಗೆ ಇದನ್ನು ಮೊದಲು ತೋರಿಸಬೇಡಿ. ಅಮೆರಿಕದ ನೈಸ್ಮಿತ್ ಹಾಲ್ ಆಫ್ ಫೇಮ್ 1992ರಲ್ಲಿ ಹೊರದೇಶದ ಆಟಗಾರರ ಪೈಕಿ ಮೊದಲು ಒಳಗೆ ಕರೆದದ್ದು ಇವನನ್ನೇ.

ಬೊದಿರೋಗಾನ ಕಾಲಕ್ಕೆ ಬಂದರೆ ಚಿತ್ರವೂ ತಿಳಿಯಾಗುತ್ತದೆ, ಕಲಿಯುವುದೂ ಹೆಚ್ಚಾಗುತ್ತದೆ. 1995ರಲ್ಲಿ ಸ್ಯಾಕ್ರಮೆಂಟೊ ಕಿಂಗ್ಸ್ ಎರಡನೇ ಸುತ್ತಿನಲ್ಲಿ ಆರಿಸಿತು, ಇವನು ಯೂರೋಪು ಬಿಡಲಿಲ್ಲ. ಅಥೆನ್ಸ್‌ನ ಪನಾಥಿನೈಕೋಸ್ ಕ್ಲಬ್ ಜೊತೆ 2000 ಮತ್ತು 2002ರಲ್ಲಿ, ಬಾರ್ಸಿಲೋನಾ ಜೊತೆ 2003ರಲ್ಲಿ ಯೂರೋಪಿನ ಕಿರೀಟ; 1998 ಮತ್ತು 2002ರಲ್ಲಿ ಯುಗೊಸ್ಲಾವಿಯಾ ಪರ ವಿಶ್ವ ಚಾಂಪಿಯನ್. ಮೊದಲು 2002ರ ವಿಶ್ವ ಚಾಂಪಿಯನ್‌ಷಿಪ್ ಫೈನಲ್ ನೋಡಿ: ಇಂಡಿಯಾನಪೊಲಿಸ್‌ನಲ್ಲಿ, ಹೆಚ್ಚುವರಿ ಸಮಯದಲ್ಲಿ, ಯುಗೊಸ್ಲಾವಿಯಾ 84 – ಅರ್ಜೆಂಟೀನಾ 77, ಬೊದಿರೋಗಾ 27 ಅಂಕ.

ಅವನ ಹೆಸರಾಂತ ಡ್ರಿಬಲ್ ವರಸೆಗೆ ಸ್ಪೇನಿನವರು 'ಲಾತಿಗೊ', ಅಂದರೆ ಚಾಟಿ, ಎಂದು ಹೆಸರಿಟ್ಟಿದ್ದರು. ವಿಡಿಯೊ ನಿಲ್ಲಿಸಿ, ಕಂಪ್ಯೂಟರ್ ಕೀಲಿಮಣೆಯಲ್ಲಿ ಅಲ್ಪವಿರಾಮ ಮತ್ತು ಪೂರ್ಣವಿರಾಮದ ಕೀಲಿ ಒತ್ತಿದರೆ ಒಂದೊಂದೇ ಫ್ರೇಮ್ ಹಿಂದೆ ಮುಂದೆ ಹೋಗುತ್ತದೆ. ಈ ವರಸೆಯನ್ನು ಹಾಗೇ ನೋಡಬೇಕು. ಬಲಗೈಯ ಚೆಂಡನ್ನು ಮೈಯಿಂದ ದೂರ, ಎದುರಾಳಿಗೆ ಕೊಟ್ಟೇಬಿಡುವಂತೆ ಹೊರಕ್ಕೆ ಚಾಚುತ್ತಾನೆ. ಎದುರಾಳಿಯ ಕೈಯೂ ಭಾರವೂ ಆ ಕಡೆ ವಾಲುತ್ತದೆ. ಆ ಕ್ಷಣಕ್ಕೆ ಚೆಂಡನ್ನು ಮುಂದಿನಿಂದ ತಗ್ಗಿನಲ್ಲಿ ಎಡಗೈಗೆ ಎಳೆದು, ಎದುರಾಳಿಯ ಸೊಂಟದ ಪಕ್ಕಕ್ಕೆ ಒಂದು ಉದ್ದ ಹೆಜ್ಜೆ. ವೇಗ ಎಲ್ಲೂ ಇಲ್ಲ. ಮಕ್ಕಳು ಇದನ್ನು ಮಾಡುವಾಗ ಮೂರು ತಪ್ಪು ಕಾಣುತ್ತವೆ. ಕೈ ಚೆಂಡಿನ ಅಡಿಗೆ ಹೋಗುತ್ತದೆ, ರೆಫರಿ ಸೀಟಿ ಊದುತ್ತಾರೆ. ಅಂಗೈ ಚೆಂಡಿನ ಹೊರಬದಿಯಲ್ಲೇ ಇರಬೇಕು. ಎದುರಾಳಿ ಇನ್ನೂ ಎರಡು ಮೀಟರ್ ದೂರ ಇರುವಾಗಲೇ ಎಳೆದುಬಿಡುತ್ತಾರೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರವಾದರೆ ಮಾತ್ರ ಅವನು ಮೋಸ ಹೋಗುವುದು. ಎಳೆದ ಚೆಂಡು ಮೊಣಕಾಲಿಗಿಂತ ಮೇಲೆ ಪುಟಿದು ಕೈ ತಪ್ಪುತ್ತದೆ. ಮೊದಲು ಜಾಗ ಬಿಡದೆ ನಿಂತ ಜಾಗದಲ್ಲೇ ಇಪ್ಪತ್ತು ಸಲ, ಆಮೇಲೆ ನಡೆದುಕೊಂಡು, ಕೊನೆಗೆ ಎದುರಾಳಿಯನ್ನು ನಿಲ್ಲಿಸಿ ಮಾಡಿಸಿ.

ಇಡೀ ಭಂಡಾರದಲ್ಲಿ ಒಂದೇ ಪಂದ್ಯ ಆರಿಸಿ ಅಂದರೆ 2006ರ ಸೆಪ್ಟೆಂಬರ್ 1ರ ವಿಶ್ವ ಚಾಂಪಿಯನ್‌ಷಿಪ್ ಸೆಮಿಫೈನಲ್ ಆರಿಸಬೇಕು: ಜಪಾನಿನ ಸೈತಾಮಾದಲ್ಲಿ ಗ್ರೀಸ್ 101 – ಅಮೆರಿಕ 95. ಎದುರಿಗಿದ್ದದ್ದು ಲೆಬ್ರಾನ್ ಜೇಮ್ಸ್, ಡ್ವೇನ್ ವೇಡ್, ಕಾರ್ಮೆಲೊ ಆಂಥನಿ. ಎರಡನೇ ಕ್ವಾರ್ಟರ್‌ನಲ್ಲಿ ಹಿಂದೆ ಬಿದ್ದಿದ್ದ ಗ್ರೀಸ್ ಪಿಕ್ ಅಂಡ್ ರೋಲ್ (ಚೆಂಡು ಹಿಡಿದವನ ಕಾವಲುಗಾರನಿಗೆ ಜೊತೆಗಾರ ಅಡ್ಡ ನಿಂತು, ಅಂದರೆ ಸ್ಕ್ರೀನ್ ಹಾಕಿ, ಆಮೇಲೆ ರಿಂಗಿನ ಕಡೆ ತಿರುಗುವ ಆಟ) ಒಂದನ್ನೇ ಮತ್ತೆ ಮತ್ತೆ ಆಡಿ ಪಂದ್ಯ ತಿರುಗಿಸಿತು. ಪಾಪಾಲೂಕಾಸ್ 12 ಅಸಿಸ್ಟ್, ಅಂದರೆ ನೇರ ಗೋಲಿಗೆ ದಾರಿಯಾಗುವ ಪಾಸ್, ಕೊಟ್ಟ. ಚೆಂಡನ್ನು ನೋಡಬೇಡಿ, ಮೂರನೇ ಡಿಫೆಂಡರನ್ನು ನೋಡಿ. ಸ್ಕ್ರೀನ್ ಹಾಕಿದವನನ್ನು ಕಾಯುವ ಎತ್ತರದ ಆಟಗಾರ ಪಾಪಾಲೂಕಾಸ್ ಕಡೆ ಹೊರಕ್ಕೆ ಬರುತ್ತಾನೆ. ಸ್ಕ್ರೀನ್ ಹಾಕಿದ ಸೊಫೊಕ್ಲಿಸ್ ಸ್ಕೊರ್ತ್ಸಾನಿತಿಸ್ ತನ್ನ ಭಾರಿ ಮೈಯನ್ನು ತಿರುಗಿಸಿ ರಿಂಗಿಗೆ ಇಳಿಯುತ್ತಾನೆ. ಮೂರನೆಯವನು ಒಳಗೆ ಬಾರದಿದ್ದರೆ ಪಾಸ್ ಅವನಿಗೆ, ಗೋಲು ಖಚಿತ. ಬಂದರೆ ಹೊರಗೆ ಒಬ್ಬ ಶೂಟರ್ ಖಾಲಿ. ಎರಡು ಮೀಟರ್ ಎತ್ತರದ ಪಾಪಾಲೂಕಾಸ್‌ಗೆ ಡಿಫೆಂಡರ್‌ಗಳ ತಲೆಯ ಮೇಲಿಂದ ಇದೆಲ್ಲ ಕಾಣುತ್ತದೆ, ಅವನು ಅವಸರ ಪಡುವುದಿಲ್ಲ. ಸ್ಕೊರ್ತ್ಸಾನಿತಿಸ್‌ನನ್ನೂ 2003ರಲ್ಲಿ ಕ್ಲಿಪ್ಪರ್ಸ್ ಆರಿಸಿತ್ತು, ಅವನೂ ಎನ್‌ಬಿಎ ಆಡಲಿಲ್ಲ. ಆ ರಾತ್ರಿ 22 ಅಂಕ ಹೊಡೆದ ವಾಸಿಲಿಸ್ ಸ್ಪನೂಲಿಸ್ ಮಾತ್ರ ಹ್ಯೂಸ್ಟನ್‌ನಲ್ಲಿ ಒಂದು ಸೀಸನ್ ಆಡಿ ಮರಳಿದ.

ದಿಯಾಮಾಂತಿದಿಸ್‌ಗಾಗಿ 2007ರ ಯೂರೋಲೀಗ್ ಫೈನಲ್: ಅಥೆನ್ಸ್‌ನಲ್ಲಿ ಪನಾಥಿನೈಕೋಸ್ 93 – ಸಿಎಸ್‌ಕೆಎ ಮಾಸ್ಕೋ 91. ಸಿಎಸ್‌ಕೆಎ ಕಡೆ ಪಾಪಾಲೂಕಾಸ್ ಇದ್ದುದರಿಂದ ಒಂದೇ ವಿಡಿಯೊದಲ್ಲಿ ಇಬ್ಬರೂ ಸಿಗುತ್ತಾರೆ. ಎಡಗೈ ಆಟಗಾರನಾದ ದಿಯಾಮಾಂತಿದಿಸ್‌ನನ್ನು ಚೆಂಡು ಎದುರಾಳಿಯ ಬಳಿ ಇರುವಾಗಲೇ ಹೆಚ್ಚು ನೋಡಬೇಕು; ಯೂರೋಲೀಗ್‌ನ ಅತ್ಯುತ್ತಮ ಡಿಫೆಂಡರ್ ಪ್ರಶಸ್ತಿಯನ್ನು ಆರು ಸಲ ಪಡೆದವನು. ಕೈ ಬೀಸಿ ಚೆಂಡು ಕಸಿಯುವುದು ಅವನ ದಾರಿಯಲ್ಲ. ಪಾದ ಸರಿಸಿ ದಾರಿ ಮುಚ್ಚಿ, ಎದುರಾಳಿ ಬೇರೆ ದಾರಿಯಿಲ್ಲದೆ ಕೊಡುವ ಪಾಸ್‌ಗೆ ಕೈ ಇಡುತ್ತಾನೆ.

ಭಂಡಾರ ಸೊರಗಿರುವುದು 1970ರ ದಶಕದಲ್ಲಿ. ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಮಿಂಚಿ, ಎನ್‌ಬಿಎಯ ಲೇಕರ್ಸ್ ಬಾಗಿಲು ತೆರೆದಿದ್ದರೂ 1973ರಲ್ಲಿ ಊರಾದ ಜಾದರ್‌ಗೆ ಮರಳಿದ ಕ್ರೆಶಿಮಿರ್ ಚೋಸಿಚ್, 1970ರಲ್ಲೇ ಅಟ್ಲಾಂಟಾ ಹಾಕ್ಸ್ ಆರಿಸಿದ್ದ ಇಟಲಿಯ ದೀನೊ ಮೆನೆಗಿನ್ ಇವರ ಉತ್ತಮ ವರ್ಷಗಳ ಒಳ್ಳೆಯ ಪೂರ್ಣ ಪಂದ್ಯಗಳು ಅಪರೂಪ. ಏಳು ಅಡಿ ಎತ್ತರದ ಸೋವಿಯತ್ ಸೆಂಟರ್ ಉಲ್ಯಾನಾ ಸೆಮ್ಯೋನೊವಾ 1976 ಮತ್ತು 1980ರಲ್ಲಿ ಒಲಿಂಪಿಕ್ ಚಿನ್ನ ಗೆದ್ದವಳು. ಅಮೆರಿಕದ ಮಹಿಳಾ ಲೀಗ್ ಡಬ್ಲ್ಯುಎನ್‌ಬಿಎ ಶುರುವಾದದ್ದೇ 1997ರಲ್ಲಿ. ಆ ಕಾಲದ ಮಹಿಳಾ ಪಂದ್ಯಗಳಂತೂ ಇನ್ನೂ ಕಡಿಮೆ, ಇದು ಈ ಭಂಡಾರದ ದೊಡ್ಡ ಕೊರತೆ.

ಕೋಚ್‌ಗಳಿಗೆ: ಮಕ್ಕಳನ್ನು ಎರಡು ಗಂಟೆ ಪರದೆಯ ಮುಂದೆ ಕೂರಿಸಬೇಡಿ. ಸೈತಾಮಾ ಪಂದ್ಯದ ಮೂರನೇ ಕ್ವಾರ್ಟರ್ ಒಂದನ್ನು ತೆಗೆದುಕೊಳ್ಳಿ. ಒಮ್ಮೆ ಮಾಮೂಲಿ ವೇಗದಲ್ಲಿ, ಮಾತಿಲ್ಲದೆ. ಎರಡನೇ ಸಲ ವೇಗ 0.5ಕ್ಕೆ ಇಳಿಸಿ, ಪ್ರತಿ ಮಗುವಿಗೆ ಒಬ್ಬ ಆಟಗಾರನನ್ನು ಹಂಚಿ. ಹಾಳೆಯಲ್ಲಿ ನಾಲ್ಕು ಕಲಂ: ಚೆಂಡು ಎಲ್ಲಿ ಸಿಕ್ಕಿತು, ಎಷ್ಟು ಡ್ರಿಬಲ್, ಯಾರು ನೆರವಿಗೆ ಬಂದರು, ಏನಾಯಿತು. ಡ್ರಿಬಲ್ ಕಲಂ ತುಂಬುವಾಗಲೇ ಅವರಿಗೆ ತಮ್ಮ ಆಟಕ್ಕೂ ಇದಕ್ಕೂ ಇರುವ ವ್ಯತ್ಯಾಸ ತಿಳಿಯುತ್ತದೆ. ಅದೇ ಸಂಜೆ ಅಂಗಳದಲ್ಲಿ ಮೂರು ಜನರ ಮೇಲೆ ಮೂರು ಜನರನ್ನು ಬಿಟ್ಟು ಆ ಪಿಕ್ ಅಂಡ್ ರೋಲ್ ಆಡಿಸಿ, ಒಬ್ಬರಿಗೆ ಮೂರಕ್ಕಿಂತ ಹೆಚ್ಚು ಡ್ರಿಬಲ್ ಇಲ್ಲ ಎಂಬ ಷರತ್ತಿನ ಮೇಲೆ. ಮೊಬೈಲ್ ಪರದೆಯಲ್ಲಿ ಹತ್ತೂ ಆಟಗಾರರು ಸರಿಯಾಗಿ ಕಾಣುವುದಿಲ್ಲ. ಟಿವಿಗೋ ಲ್ಯಾಪ್‌ಟಾಪ್‌ಗೋ ಹಾಕಿ. ಇಷ್ಟಕ್ಕೆ ಯಾವ ಚಂದಾದಾರಿಕೆಯೂ ಬೇಡ, ಈಗಿನ ಯೂರೋಲೀಗ್ ಸೀಸನ್‌ನ ನೇರಪ್ರಸಾರ ಬೇಕೆನ್ನುವವರು ಮಾತ್ರ ಅದರ ಯೋಚನೆ ಮಾಡಲಿ. ಇಷ್ಟವಾದ ಪಂದ್ಯ ಸಿಕ್ಕ ಕೂಡಲೇ ವರ್ಷ ಮತ್ತು ತಂಡಗಳ ಹೆಸರನ್ನು ಬರೆದಿಟ್ಟುಕೊಳ್ಳಿ. ಅಭಿಮಾನಿಗಳ ಪ್ರತಿಗಳು ಹಕ್ಕುಸ್ವಾಮ್ಯದ ದೂರಿನಿಂದ ಯಾವಾಗ ಬೇಕಾದರೂ ಮಾಯವಾಗುತ್ತವೆ. ಆಗ ಕೊಂಡಿ ಕೆಲಸಕ್ಕೆ ಬರುವುದಿಲ್ಲ, ಆ ವಿವರ ಇದ್ದರೆ ಬೇರೊಂದು ಪ್ರತಿ ಹುಡುಕಬಹುದು.